ಮನೆಯೊಳಗೊಂದು ಮೊಲ



ಹಸು, ಎಮ್ಮೆ, ಕುರಿ, ಕೋಳಿಗಳ ಪಾಲನೆಯ ವಿಚಾರವನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಈ ಹೊತ್ತು ಹಾಲು ಕೊಡದ, ಮೊಟ್ಟೆ ಇಡದ, ಗಾಡಿ ಎಳೆಯದ ಒಂದು ಪುಟ್ಟ ಪ್ರಾಣಿಯ ವಿಚಾರ ಹೇಳಬೇಕೆಂದಿದ್ದೇನೆ. ಅದೇ ಮೊಲ. ಸಾಕಿ ಮಾರುವ ಮೊಲವಲ್ಲ. ಮಕ್ಕಳ ಜೊತೆಗೆ ಮನೆಯೊಳಗೇ ಬಾಳುವ ಮುದ್ದಿನ ಮೊಲ.

“ಇದೇನು ಸ್ವಾಮಿ, ಬೇಸಾಯದ ಮಾತಿನ ನಡುವೆ ಮಕ್ಕಳಾಟ?” ಎಂದು ಕೆಲವರು ಕೇಳಬಹುದು. ಕೇಳಿದರೆ ತಪ್ಪೇನಿಲ್ಲ. ಆದರೆ ನಮ್ಮ ಮಂಡ್ಯದ ಗುತ್ತಲಿನಂಥ ಕಡೆ ಒಂದು ಸುತ್ತು ಹಾಕಿ ನೋಡಿ. ಹಿಂದೆ ಹಳ್ಳಿಯಾಗಿದ್ದದ್ದು ಈಗ ಮಂಡ್ಯ ನಗರದೊಳಗೆ ಸೇರಿಹೋಗಿದೆ. ಹಿತ್ತಲು ಕಿರಿದಾಗಿದೆ. ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯೇ ಇಲ್ಲ. ಕರುವಿನ ಕೊರಳು ತಬ್ಬಿಕೊಂಡು ಬೆಳೆಯುತ್ತಿದ್ದ ಮಕ್ಕಳಿಗೆ ಈಗ ಕರುವಿಲ್ಲ. ಆದರೆ ಪ್ರಾಣಿಗಳ ಮೇಲಿನ ಆಸೆ ಎಲ್ಲಿಗೆ ಹೋದೀತು? “ಅವ್ವಾ, ಒಂದು ಮೊಲ ತಕ್ಕೊಡವ್ವಾ” ಎಂದು ಮಗು ಹಟ ಹಿಡಿಯುತ್ತದೆ. ಅಪ್ಪ ಪೇಟೆಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಬಿಳಿಯ ಮರಿ ತರುತ್ತಾನೆ. ಒಬ್ಬರು ಕ್ಯಾರೆಟ್ ಕೊಡುತ್ತಾರೆ, ಇನ್ನೊಬ್ಬರು ಬಿಸ್ಕತ್ತು ಕೊಡುತ್ತಾರೆ, ಅಜ್ಜಿ ಒಂದು ಚೂರು ಬೆಲ್ಲ ಕೊಡುತ್ತಾಳೆ. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಮರಿ ಸೆಟೆದು ಬಿದ್ದಿರುತ್ತದೆ. “ನಿನ್ನೆ ಸಂಜೆ ಚೆನ್ನಾಗೇ ಇತ್ತಲ್ಲಾ!” ಎಂದು ಮನೆಮಂದಿಯೆಲ್ಲ ಮರುಗುತ್ತಾರೆ.

ನಿಜ ಏನೆಂದರೆ, ಅದು ನಿನ್ನೆ ಸಂಜೆಯೂ ಚೆನ್ನಾಗಿರಲಿಲ್ಲ. ನಮಗೆ ಗೊತ್ತಾಗಲಿಲ್ಲ, ಅಷ್ಟೆ. ಮೊಲ ತನ್ನ ಬೇನೆಯನ್ನು ಬಚ್ಚಿಡುವ ಪ್ರಾಣಿ. ನಾಯಿ ಕುಂಯ್‌ಗುಡುತ್ತದೆ, ಹಸು ಅಂಬಾ ಎನ್ನುತ್ತದೆ. ಮೊಲ ಸುಮ್ಮನೆ ಮೂಲೆಯಲ್ಲಿ ಮುದುಡಿ ಕೂರುತ್ತದೆ. ನರಿಗೂ ಹದ್ದಿಗೂ ಹೆದರಿ ಬಾಳಿದ ಕುಲ ಅದು. ನೋವು ತೋರಿಸಿಕೊಂಡ ಮೊಲವೇ ಮೊದಲು ಹಗೆಯ ಬಾಯಿಗೆ ಬೀಳುವುದರಿಂದ ಸಹಿಸಿಕೊಂಡು ಸುಮ್ಮನಿರುವುದು ಅದರ ಹುಟ್ಟುಗುಣ. ಆದ್ದರಿಂದ ಮೊಲ ಸಾಕುವವರು ಅದರ ಕೂಗಿಗೆ ಕಾಯಬಾರದು. ಒಂದೇ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು: ಮೊಲದ ಮುಂದೆ ಯಾವಾಗಲೂ ಹುಲ್ಲಿರಬೇಕು, ಹಿಂದೆ ಯಾವಾಗಲೂ ಹಿಕ್ಕೆಯಿರಬೇಕು. ಇನ್ನು ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿವರವೇ.

ಮೊದಲು, ಯಾವ ಮೊಲ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳೋಣ. ನಾವು ಕನ್ನಡದಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳನ್ನು ಮೊಲ ಎಂದೇ ಕರೆಯುತ್ತೇವೆ. ನಮ್ಮ ಹೊಲಗದ್ದೆಗಳಲ್ಲಿ, ಕಬ್ಬಿನ ತೋಟಗಳಲ್ಲಿ ಕಾಣುವುದು ಕಾಡುಮೊಲ. ಉದ್ದ ಕಾಲು, ಕಂದು ಮೈ, ನೆಗೆದರೆ ಬಾಣದ ಹಾಗೆ. ಇದು ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಮಲಗುತ್ತದೆ. ಇದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲಿರುತ್ತದೆ, ಕಣ್ಣು ತೆರೆದಿರುತ್ತದೆ. ಪೇಟೆಯಲ್ಲಿ ಸಿಗುವ ಸಾಕುಮೊಲ ಬೇರೆಯೇ ಜಾತಿ. ಇದರ ಮೂಲ ಸ್ಪೇನ್ ದೇಶದ ಕಡೆಯದು. ಬಿಲ ತೋಡಿ, ಗುಂಪು ಕಟ್ಟಿಕೊಂಡು ಬಾಳಿದ ಪ್ರಾಣಿ. ಇದರ ಮರಿ ಹುಟ್ಟುವಾಗ ಬತ್ತಲೆ ಮೈ, ಮುಚ್ಚಿದ ಕಣ್ಣು. ಕಣ್ಣು ಬಿಡಲು ಹತ್ತು ದಿನ ಬೇಕು. ಈ ಎರಡಕ್ಕೂ ಕೂಡಿಕೆಯಾಗಿ ಮರಿಯಾಗುವುದಿಲ್ಲ.

ಈ ವ್ಯತ್ಯಾಸವನ್ನು ಯಾಕೆ ಹೇಳಿದೆ ಅಂದರೆ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಬ್ಬು ಕಡಿಯುವಾಗ ತರಗಿನ ನಡುವೆ ಕಾಡುಮೊಲದ ಮರಿ ಸಿಗುವುದುಂಟು. “ಪಾಪ, ತಾಯಿ ಬಿಟ್ಟುಹೋದ ಮರಿ” ಎಂದು ಎತ್ತಿಕೊಂಡು ಬರುತ್ತಾರೆ. ತಾಯಿ ಬಿಟ್ಟುಹೋಗಿರುವುದಿಲ್ಲ. ಹಗೆಗಳಿಗೆ ಸುಳಿವು ಸಿಗಬಾರದೆಂದು ಅದು ಹಗಲೆಲ್ಲ ಮರಿಯಿಂದ ದೂರ ಇದ್ದು, ಸಾಮಾನ್ಯವಾಗಿ ಹೊತ್ತು ಮುಳುಗಿದ ಮೇಲೆ ಬಂದು ಹಾಲು ಕುಡಿಸಿ ಹೋಗುತ್ತದೆ. ಅಂಥ ಮರಿ ಕಂಡರೆ ಹತ್ತಿರದ ಬದುವಿನಲ್ಲಿ ಹುಲ್ಲಿನ ಮರೆಗೆ ಸರಿಸಿ ಬಿಡಿ. ತರಗಿಗೆ ಬೆಂಕಿ ಇಡುವ ಮುನ್ನ ಸಾಲುಗಳನ್ನು ಒಮ್ಮೆ ನೋಡಿ. ಮನೆಗೆ ತಂದರೆ ಅದು ಹೆದರಿಕೆಯಿಂದಲೇ ಸೊರಗಿ ಸಾಯುವುದೇ ಹೆಚ್ಚು. ಅದೂ ಅಲ್ಲದೆ, ಕಾಡುಮೊಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟ ಪ್ರಾಣಿ. ಅದನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ಆದ್ದರಿಂದ ಮನೆಗೆ ತಕ್ಕದ್ದು ಸಾಕುಮೊಲ ಮಾತ್ರ.

ಸಾಕುಮೊಲ ತರುವ ಮುನ್ನ ಮನೆಯವರೆಲ್ಲ ಕೂತು ಒಂದು ಲೆಕ್ಕ ಹಾಕಬೇಕು. ಚೆನ್ನಾಗಿ ನೋಡಿಕೊಂಡ ಮೊಲ 8ರಿಂದ 10 ವರ್ಷ ಬದುಕುತ್ತದೆ. ಇವತ್ತು ಮೂರನೆಯ ತರಗತಿಯಲ್ಲಿರುವ ಮಗು ಕಾಲೇಜು ಮೆಟ್ಟಿಲು ಹತ್ತುವವರೆಗೂ ಅದು ಮನೆಯಲ್ಲಿರುತ್ತದೆ. ಮಗುವಿನ ಆಸೆ ಒಂದು ತಿಂಗಳಿನದಾದರೆ, ಉಳಿದ ವರ್ಷಗಳು ಹುಲ್ಲು ಹಾಕುವವರು ಯಾರು? ತಾಯಿಯೋ, ತಂದೆಯೋ ಒಬ್ಬ ದೊಡ್ಡವರು “ನಾನು ನೋಡಿಕೊಳ್ಳುತ್ತೇನೆ” ಎಂದು ಒಪ್ಪಿದ ಮನೆಗೆ ಮಾತ್ರ ಮೊಲ ಬರಲಿ. ಸಾಕಾಯಿತೆಂದು ಗದ್ದೆಬಯಲಿಗೆ ಬಿಟ್ಟುಬರುವುದು ದಯೆಯಲ್ಲ. ಬಿಳಿಯ ಮೈಯ ಸಾಕುಮೊಲ ಅಲ್ಲಿ ಅಂದೇ ರಾತ್ರಿ ನಾಯಿಯ ಪಾಲಾಗುತ್ತದೆ.

ಮರಿಗೆ 8 ವಾರ ತುಂಬಿರಬೇಕು. ಅದಕ್ಕಿಂತ ಎಳೆಯದನ್ನು ಎಷ್ಟೇ ಮುದ್ದಾಗಿದ್ದರೂ ತರಬೇಡಿ. ಹೊಟ್ಟೆ ಇನ್ನೂ ಬಲಿತಿರುವುದಿಲ್ಲ, ಭೇದಿ ಹಿಡಿದರೆ ಉಳಿಯುವುದು ಕಷ್ಟ. ಕೊಳ್ಳುವಾಗ ಕಣ್ಣು ಹೊಳೆಯುತ್ತಿದೆಯೇ, ಮೂಗು ಒಣಗಿದೆಯೇ, ಕಿವಿಯೊಳಗೆ ಹಕ್ಕಳೆ ಇಲ್ಲವೇ, ಬಾಲದ ಕೆಳಗೆ ಕೊಳೆ ಅಂಟಿಲ್ಲವೇ ಎಂದು ನೋಡಿ. ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮುಂದಕ್ಕೆ ಸರಿಯಾಗಿ ಕೂಡಬೇಕು. ನ್ಯೂಜಿಲೆಂಡ್ ವೈಟ್, ಸೋವಿಯೆತ್ ಚಿಂಚಿಲಾ ಮೊದಲಾದ ತಳಿಗಳು ಬೆಳೆದಾಗ ಸುಮಾರು 4 ಕಿಲೋ ತೂಗುತ್ತವೆ ಎಂಬುದು ತಿಳಿದಿರಲಿ. ಅಂಗೈಯಲ್ಲಿ ಕೂತ ಮರಿ ಅಂಗೈಯಲ್ಲೇ ಉಳಿಯುವುದಿಲ್ಲ.

ಒಂಟಿ ಮೊಲಕ್ಕೆ ಬೇಸರ ಜಾಸ್ತಿ, ಎರಡಿದ್ದರೆ ಒಳ್ಳೆಯದು. ಆದರೆ ಇಲ್ಲಿ ಎಚ್ಚರ ಬೇಕು. ಹೆಣ್ಣು ಮೊಲ 4ರಿಂದ 6 ತಿಂಗಳಿಗೆ ಬೆದೆಗೆ ಬರುತ್ತದೆ. ಗರ್ಭ 31 ದಿನ ಅಷ್ಟೆ. ಒಂದು ಸೂಲಿಗೆ 5, 6, 8 ಮರಿ. ಈದ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು. ಆಸ್ಟ್ರೇಲಿಯಾ ದೇಶದಲ್ಲಿ 1859ರಲ್ಲಿ ಬೇಟೆಯ ಮೋಜಿಗೆಂದು ಕೆಲವು ಮೊಲಗಳನ್ನು ಬಿಟ್ಟರು. ಅವು ಬೆಳೆದು ಬೆಳೆದು ದೇಶದ ಹುಲ್ಲುಗಾವಲನ್ನೇ ಬೋಳು ಮಾಡಿದವು, ಇವತ್ತಿಗೂ ಆ ಕಾಟ ತೀರಿಲ್ಲ. ನಿಮ್ಮ ಹಜಾರದಲ್ಲಿ ಆಸ್ಟ್ರೇಲಿಯಾ ಆಗಬಾರದು ನೋಡಿ! ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಮಾರುವವರಿಗೂ ಕಷ್ಟ. “ಎರಡೂ ಹೆಣ್ಣೇ” ಎಂಬ ಮಾತನ್ನು ನಂಬಿ ಕೂರದೆ, ಮೂರು ತಿಂಗಳಾದಾಗ ಪಶುವೈದ್ಯರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳಿ. ಗಂಡು ಹೆಣ್ಣು ಎರಡೂ ಇದ್ದರೆ ಬೇರೆ ಬೇರೆ ಇಡಬೇಕು, ಇಲ್ಲವೇ ಮೊಲದ ಶಸ್ತ್ರಚಿಕಿತ್ಸೆಯಲ್ಲಿ ಅನುಭವವಿರುವ ವೈದ್ಯರಿಂದ ಸಂತಾನಹರಣ ಮಾಡಿಸಬೇಕು. ಹೆಣ್ಣಿಗೆ ಇದರಿಂದ ಇನ್ನೊಂದು ಲಾಭವೂ ಉಂಟು: ವಯಸ್ಸಾದ ಹೆಣ್ಣು ಮೊಲಗಳಲ್ಲಿ ಹೆಚ್ಚಾಗಿ ಕಾಣುವ ಗರ್ಭಕೋಶದ ಕ್ಯಾನ್ಸರು ತಪ್ಪುತ್ತದೆ.

ಇನ್ನು ವಾಸದ ಏರ್ಪಾಡು. ಪೇಟೆಯಲ್ಲಿ ಸಿಗುವ ಹಕ್ಕಿ ಪಂಜರದಂಥ ಗೂಡು ಮೊಲಕ್ಕೆ ಸಾಲದು. ಮೂರು ನೆಗೆತ ನೆಗೆಯುವಷ್ಟು ಉದ್ದ, ಹಿಂಗಾಲಿನ ಮೇಲೆ ನಿಂತರೆ ಕಿವಿ ತಾಗದಷ್ಟು ಎತ್ತರ ಬೇಕು. ಅಂದರೆ ಕಡೆಯ ಪಕ್ಷ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಊರಿನ ಬಡಗಿಯಿಂದ ಹಳೆಯ ಮರದ ಪಟ್ಟಿ, ಜಾಲರಿ ಹಾಕಿಸಿ ಮಾಡಿಸಿಕೊಳ್ಳಬಹುದು. ಜಾಲರಿ ಪಕ್ಕಕ್ಕೆ ಇರಲಿ, ತಳಕ್ಕೆ ಬೇಡ. ಮೊಲದ ಪಾದದಲ್ಲಿ ನಾಯಿಯ ಹಾಗೆ ಮೆತ್ತೆಯಿಲ್ಲ, ಬರೀ ಕೂದಲು. ತಂತಿಯ ಮೇಲೆ ದಿನವೆಲ್ಲ ನಿಂತರೆ ಹಿಮ್ಮಡಿ ಹುಣ್ಣಾಗುತ್ತದೆ. ಹಲಗೆಯ ತಳ ಹಾಕಿ, ಮೇಲೆ ಗೋಣಿತಾಟು, ಅದರ ಮೇಲೆ ಒಣಗಿದ ಭತ್ತದ ಹುಲ್ಲು ಹರಡಿ. ಒಂದು ಮೂಲೆಯಲ್ಲಿ ಬಾಯಿ ಕತ್ತರಿಸಿದ ರಟ್ಟಿನ ಪೆಟ್ಟಿಗೆಯನ್ನೋ, ಅಡ್ಡ ಮಲಗಿಸಿದ ದೊಡ್ಡ ಮಡಕೆಯನ್ನೋ ಇಡಿ. ಬಿಲದ ಪ್ರಾಣಿಗೆ ಅಡಗುವ ಜಾಗವಿಲ್ಲದಿದ್ದರೆ ನೆಮ್ಮದಿಯಿಲ್ಲ.

ಗೂಡು ರಾತ್ರಿಯ ಮನೆ ಮಾತ್ರ. ದಿನಕ್ಕೆ ಮೂರು ನಾಲ್ಕು ಗಂಟೆಯಾದರೂ ಅದು ಹಜಾರದಲ್ಲಿ ಓಡಾಡಬೇಕು. ಮುಂಜಾನೆ, ಸಂಜೆ ಅದಕ್ಕೆ ಹುರುಪು ಹೆಚ್ಚು. ಬಿಡುವ ಮುನ್ನ ವಿದ್ಯುತ್ ತಂತಿಗಳನ್ನೆಲ್ಲ ಮೇಲೆ ಕಟ್ಟಿ. ನೆಲಮಟ್ಟದಲ್ಲಿ ಕಂಡ ತಂತಿಯನ್ನು ಮೊಲ ಕಡಿಯದೆ ಬಿಡುವುದಿಲ್ಲ, ಅದರ ಲೆಕ್ಕಕ್ಕೆ ಅದೂ ಒಂದು ಬೇರು. ಮೆಣಸಿನಪುಡಿ ಚೆಲ್ಲಿ ಹೆದರಿಸುವುದು ಬೇಡ. ತಂತಿಯನ್ನು ಎತ್ತಿ ಕಟ್ಟುವುದೇ ಸರಿಯಾದ ದಾರಿ. ಬಾಗಿಲು ಹಾಕಿರಲಿ. ಬೀದಿ ನಾಯಿ, ಬೆಕ್ಕು, ಹೆಗ್ಗಣ, ಮುಂಗುಸಿ ಇವೆಲ್ಲ ಮೊಲಕ್ಕೆ ಹಗೆಗಳೇ. ಕಚ್ಚುವುದೇ ಬೇಕಿಲ್ಲ, ನಾಯಿ ಗೂಡಿನ ಹತ್ತಿರ ಬೊಗಳುತ್ತ ನಿಂತರೂ ಹೆದರಿಕೆಯಿಂದ ಪ್ರಾಣ ಹೋದ ಮೊಲಗಳುಂಟು.

ಗಲೀಜಿನ ಭಯ ಬೇಡ. ಮೊಲ ಶುಚಿಯಾದ ಪ್ರಾಣಿ, ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ. ಆ ಮೂಲೆಯಲ್ಲಿ ಒಂದು ಅಗಲವಾದ ಪ್ಲಾಸ್ಟಿಕ್ ಬೇಸನ್ ಇಟ್ಟು, ಹಳೆಯ ಪತ್ರಿಕೆ ಹಾಸಿ, ಮೇಲೆ ಒಣಹುಲ್ಲು ಹಾಕಿ. ತಿನ್ನುವ ಹುಲ್ಲನ್ನು ಅದರ ಪಕ್ಕದಲ್ಲೇ ಕಟ್ಟಿ. ತಿನ್ನುತ್ತ ತಿನ್ನುತ್ತಲೇ ಹಿಕ್ಕೆ ಹಾಕುವುದು ಅದರ ಪದ್ಧತಿ. ದಿನಕ್ಕೊಮ್ಮೆ ಬದಲಾಯಿಸಿದರೆ ವಾಸನೆಯಿಲ್ಲ. ಆ ಹಿಕ್ಕೆಯನ್ನು ಎಸೆಯಬೇಡಿ, ಹೂವಿನ ಗಿಡದ ಬುಡಕ್ಕೆ ಅಂಥ ಗೊಬ್ಬರ ಇನ್ನೊಂದಿಲ್ಲ.

ಈಗ ಮುಖ್ಯವಾದ ಮಾತು, ಮೇವು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ನಾರಿರುವ ಹುಲ್ಲನ್ನು ಅಗಿದು ಅಗಿದು ಸವೆಸದಿದ್ದರೆ ಹಲ್ಲು ವಕ್ರವಾಗಿ ಬೆಳೆದು ನಾಲಿಗೆಗೂ ಕೆನ್ನೆಗೂ ಚುಚ್ಚುತ್ತದೆ. ಅದರ ಕರುಳೂ ಅಷ್ಟೆ, ನಾರು ಒಳಗೆ ಹೋಗುತ್ತಿದ್ದರೆ ಮಾತ್ರ ಓಡುತ್ತದೆ. ನಾರು ನಿಂತರೆ ಕರುಳು ನಿಲ್ಲುತ್ತದೆ, ವಾಯು ತುಂಬುತ್ತದೆ. ಮೊಲಕ್ಕೆ ವಾಂತಿ ಮಾಡಲೂ ಬಾರದು. ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು.

ಆದ್ದರಿಂದ ಮೇವಿನಲ್ಲಿ ಹತ್ತಕ್ಕೆ ಎಂಟು ಪಾಲು ಹುಲ್ಲೇ ಇರತಕ್ಕದ್ದು. ದಿನವೂ ಅದರ ಮೈಗಾತ್ರದ ಒಂದು ಕಟ್ಟು. ನಮ್ಮ ಸೀಮೆಯಲ್ಲಿ ಇದಕ್ಕೇನು ಬರ? ಗಣಪತಿಗೆ ಪ್ರಿಯವಾದ ಗರಿಕೆ ಮೊಲಕ್ಕೂ ಪ್ರಿಯ. ಗಿನಿ ಹುಲ್ಲು, ಎಳೆಯ ನೇಪಿಯರ್ ಹುಲ್ಲು ಆಗುತ್ತದೆ. ಹಸಿಹುಲ್ಲನ್ನು ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸಿಟ್ಟರೆ ಮಳೆಗಾಲಕ್ಕೂ ಒದಗುತ್ತದೆ. ರಾಗಿ ಹುಲ್ಲನ್ನೂ ಜೊತೆಗೆ ಕೊಡಬಹುದು. ಭತ್ತದ ಹುಲ್ಲಿನಲ್ಲಿ ಸತ್ವ ಕಡಮೆ, ಅದು ಹಾಸಿಗೆಗೆ ಇರಲಿ. ಕುದುರೆ ಮೆಂತ್ಯ ಮರಿಗಳಿಗೆ ಒಳ್ಳೆಯದು; ಬೆಳೆದ ಮೊಲಕ್ಕೆ ಅದರಲ್ಲಿ ಸುಣ್ಣದ ಅಂಶ ಹೆಚ್ಚಾಗುವುದರಿಂದ ಅಪರೂಪಕ್ಕೆ ಒಂದು ಹಿಡಿ ಸಾಕು. ಮೇವಿನ ಬೆಳೆ ಹಾಕುವವರು ಮಂಡ್ಯದ ವಿ.ಸಿ. ಫಾರಂನಲ್ಲಿ ವಿಚಾರಿಸಬಹುದು, ಅಲ್ಲಿ ಮೇವಿನ ಬೆಳೆಗಳ ಸಂಶೋಧನೆಯೇ ನಡೆಯುತ್ತದೆ.

ಹುಲ್ಲು ಕುಯ್ಯುವ ಜಾಗದ ಬಗ್ಗೆ ಒಂದು ಎಚ್ಚರಿಕೆ. ಕಬ್ಬಿನ ತೋಟದ ಬದುವಿನಲ್ಲಿ ಹಸಿರು ಹುಲ್ಲು ಕಂಡ ಕೂಡಲೇ ಕುಡುಗೋಲು ಹಾಕಬೇಡಿ. ಅಲ್ಲಿ ಕಳೆ ಔಷಧಿ ಹೊಡೆದಿದ್ದಾರೆಯೇ, ಗದ್ದೆಗೆ ಕೀಟನಾಶಕ ಹಾಕಿದ್ದಾರೆಯೇ ಎಂದು ಗದ್ದೆಯವರನ್ನು ಕೇಳಿ. ಹಸುವಿಗೆ ತಡೆಯಬಹುದಾದ ವಿಷ 2 ಕಿಲೋ ಮೈಯ ಮೊಲಕ್ಕೆ ತಡೆಯದು. ಕುಯ್ದ ಹಸಿಹುಲ್ಲನ್ನು ಚೀಲದಲ್ಲಿ ತುರುಕಿಟ್ಟು ಬಿಸಿಯಾದ ಮೇಲೆ ಕೊಡುವುದೂ ಕೂಡದು, ಹೊಟ್ಟೆ ಉಬ್ಬರಿಸುತ್ತದೆ. ಎಳೆಯ ಜೋಳದ ಪೈರಿನ ವಿಷ ದನ ಕಾಯುವವರಿಗೆಲ್ಲ ಗೊತ್ತು. ಮೊಲಕ್ಕೂ ಅದು ಬೇಡ. ಕಣಗಿಲೆ, ಉಮ್ಮತ್ತಿ, ಎಕ್ಕ, ಹರಳು, ಲಂಟಾನ, ಆಲೂಗಡ್ಡೆಯ ಗಿಡ ಇವೆಲ್ಲ ವಿಷವೆಂದೇ ತಿಳಿಯಿರಿ.

ಹುಲ್ಲಿನ ಜೊತೆಗೆ ದಿನಕ್ಕೆ ಒಂದು ಹಿಡಿ ಸೊಪ್ಪು: ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು. ತೊಳೆದು, ನೀರು ಆರಿಸಿ ಕೊಡಿ. ಹೊಸ ಸೊಪ್ಪನ್ನು ಒಂದೊಂದಾಗಿ, ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಮಾಡಿಸಿ. ಮೊಲಕ್ಕೆಂದೇ ತಯಾರಾದ ಗುಳಿಗೆ ಆಹಾರ ಸಿಕ್ಕಿದರೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 25 ಗ್ರಾಂ ಮೀರಬಾರದು. ಕೋಳಿಯ ಆಹಾರ, ಹಸುವಿನ ಹಿಂಡಿ ಬೂಸಾ ಕೊಡಬೇಡಿ. ಈರುಳ್ಳಿ ಬೆಳ್ಳುಳ್ಳಿ ಆಗದು. ಅನ್ನ, ಮುದ್ದೆ, ರೊಟ್ಟಿ, ಬಿಸ್ಕತ್ತು ಬೇಡವೇ ಬೇಡ.

ಇನ್ನು ಸಿಹಿ. ನಮ್ಮದು ಆಲೆಮನೆಯ ಸೀಮೆ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಮರ್ಯಾದೆ. ಆದರೆ ಮೊಲಕ್ಕೆ ಬೆಲ್ಲದ ಚೂರು, ಕಬ್ಬಿನ ತುಂಡು, ಬಾಳೆಹಣ್ಣು ಮರ್ಯಾದೆಯಲ್ಲ, ಕೇಡು. ಸಕ್ಕರೆ ಅದರ ಕರುಳಿನೊಳಗಿನ ಒಳ್ಳೆಯ ಜೀವಾಣುಗಳನ್ನು ಕೆಡಿಸುತ್ತದೆ. ಚಿತ್ರದ ಪುಸ್ತಕದಲ್ಲಿ ಮೊಲದ ಕೈಗೆ ಕ್ಯಾರೆಟ್ ಕೊಟ್ಟಿರುತ್ತಾರಲ್ಲ, ಅದೂ ವಾರಕ್ಕೊಂದೆರಡು ಸಲ ಬೆರಳುದ್ದದ ಚೂರು ಸಾಕು. “ಏನೂ ಕೊಡಬೇಡಿ ಅಂತೀರಲ್ಲ, ಪ್ರೀತಿ ತೋರಿಸೋದು ಹೇಗೆ?” ಎಂದು ಅಜ್ಜಿಯಂದಿರು ಕೇಳಿಯಾರು. ಅಜ್ಜಿ, ಒಂದು ಹಿಡಿ ಗರಿಕೆ ಕಿತ್ತು ಕೊಡಿ, ಅದಕ್ಕಿಂತ ದೊಡ್ಡ ಪ್ರೀತಿ ಅದಕ್ಕೆ ಗೊತ್ತಿಲ್ಲ.

ನೀರನ್ನು ಭಾರವಾದ ಮಣ್ಣಿನ ಬಟ್ಟಲಿನಲ್ಲಿಟ್ಟು ದಿನಕ್ಕೆರಡು ಸಲ ಬದಲಾಯಿಸಿ. ನೀರು ಕಡಮೆಯಾದರೆ ಮೊಲ ಹುಲ್ಲು ತಿನ್ನುವುದನ್ನೂ ಕಡಮೆ ಮಾಡುತ್ತದೆ.

ಇದಿಷ್ಟು ಮುಂದಿನ ಮಾತು. ಇನ್ನು ಹಿಂದಿನ ಮಾತು, ಹಿಕ್ಕೆ. ಬೆಳಿಗ್ಗೆ ಎದ್ದವರು ಹಾಲು ಕರೆಯುವ ಮುನ್ನ ಕೆಚ್ಚಲು ನೋಡುವ ಹಾಗೆ, ಮೊಲ ಸಾಕಿದವರು ಮೊದಲು ಬೇಸನ್ ನೋಡಬೇಕು. ದುಂಡಗೆ, ಒಂದೇ ಗಾತ್ರಕ್ಕೆ, ಒಣಗಿದ, ಹುಲ್ಲಿನ ನಾರು ಕಾಣುವ ಹಿಕ್ಕೆ ರಾಶಿಯಾಗಿದ್ದರೆ ಮೊಲ ಸುಖವಾಗಿದೆ. ಕಿರಿದಾಗಿದ್ದರೆ, ಎಣಿಕೆ ಕಡಮೆಯಾಗಿದ್ದರೆ, ಮೆತ್ತಗೆ ಅಂಟಿಕೊಂಡಿದ್ದರೆ ಮೇವು ತಪ್ಪಿದೆ. ಮೆತ್ತನೆಯ ಗೊಂಚಲಿನಂಥ ಇನ್ನೊಂದು ಬಗೆಯ ಹಿಕ್ಕೆಯನ್ನು ಮೊಲ ಬಗ್ಗಿ ತಾನೇ ತಿನ್ನುವುದುಂಟು. ಅಸಹ್ಯವೆಂದು ತಡೆಯಬೇಡಿ. ಹಸು ಮೆಲುಕು ಹಾಕಿದ ಹಾಗೆಯೇ ಅದು. ಒಮ್ಮೆಗೆ ಅರಗದ ಸತ್ವವನ್ನು ಎರಡನೆಯ ಸಲ ಪಡೆಯುವ ಉಪಾಯ.

ಮೊಲ ಹತ್ತು ಹನ್ನೆರಡು ಗಂಟೆ ಏನೂ ಮುಟ್ಟದೆ, ಹಿಕ್ಕೆಯನ್ನೂ ಹಾಕದೆ ಮುದುಡಿ ಕೂತರೆ, “ನಾಳೆ ನೋಡೋಣ” ಎನ್ನಬೇಡಿ. ಆ ನಾಳೆ ಬಾರದೆ ಹೋಗಬಹುದು. ಹರಳೆಣ್ಣೆ, ಕಷಾಯ ಎಂದು ಮನೆಮದ್ದು ಮಾಡುತ್ತ ಹೊತ್ತು ಕಳೆಯದೆ ಪಶು ಆಸ್ಪತ್ರೆಗೆ ಒಯ್ಯಿರಿ. ಕೊನೆಯ ಸಲ ತಿಂದದ್ದು ಎಷ್ಟು ಹೊತ್ತಿಗೆ, ಹಿಕ್ಕೆ ಯಾವಾಗ ಹಾಕಿತು ಎಂಬುದನ್ನು ವೈದ್ಯರಿಗೆ ಹೇಳಿ. ಕಿವಿಯಲ್ಲಿ ಕಜ್ಜಿ, ಮೂಗಿನಲ್ಲಿ ಸಿಂಬಳ, ಭೇದಿ, ತಲೆ ಒಂದು ಕಡೆಗೆ ವಾಲುವುದು ಇವಕ್ಕೂ ವೈದ್ಯರೇ ಆಗಬೇಕು. ನಾಯಿಯ ಉಣ್ಣೆಗೆಂದು ತಂದ ಔಷಧಿಯನ್ನು ಮೊಲಕ್ಕೆ ಹಚ್ಚಬೇಡಿ. ಅವುಗಳಲ್ಲಿ ಫಿಪ್ರೋನಿಲ್ ಎಂಬುದು ಮೊಲಕ್ಕೆ ಪ್ರಾಣಾಂತಿಕ. ಮನುಷ್ಯರ ಅಮಾಕ್ಸಿಸಿಲಿನ್‌ನಂಥ ಮಾತ್ರೆಯನ್ನು ಬಾಯಿಗೆ ಹಾಕಿದರೂ ಕರುಳು ಕೆಟ್ಟು ಸಾಯುತ್ತದೆ. ಮೊಲದ ಚಿಕಿತ್ಸೆಯ ಅನುಭವ ಎಲ್ಲ ವೈದ್ಯರಿಗೂ ಇರುವುದಿಲ್ಲವಾದ್ದರಿಂದ, ಮೊಲ ಗಟ್ಟಿಯಾಗಿರುವಾಗಲೇ ಯಾರಲ್ಲಿ ತೋರಿಸುವುದೆಂದು ವಿಚಾರಿಸಿಟ್ಟುಕೊಳ್ಳಿ. ದೊಡ್ಡ ಚಿಕಿತ್ಸೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಉಂಟು.

ಬೇಸಗೆಯ ವಿಚಾರ ಹೇಳದಿದ್ದರೆ ಮಾತು ಪೂರ್ತಿಯಾಗದು. ಮೊಲಕ್ಕೆ ಬೆವರಿಲ್ಲ, ಕಿವಿಯ ಮೂಲಕವೇ ಮೈಯ ಕಾವು ಕಳೆಯಬೇಕು. ಚಳಿ ತಡೆಯುತ್ತದೆ, 30 ಡಿಗ್ರಿ ದಾಟಿದ ಸೆಕೆ ತಡೆಯದು. ಶಿವರಾತ್ರಿ ಕಳೆದು ಯುಗಾದಿ ಬರುವ ಹೊತ್ತಿಗೆ ನಮ್ಮಲ್ಲಿ ಅದು ದಾಟಿಯೇ ಇರುತ್ತದೆ. ತಗಡಿನ ಚಾವಣಿಯ ಕೆಳಗೆ, ಮಹಡಿಯ ಮೇಲೆ ಗೂಡು ಇಡಲೇಬೇಡಿ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ನೆಲದ ಮೇಲಿಡಿ. ಒದ್ದೆ ಗೋಣಿಯನ್ನು ಗೂಡಿನ ಒಂದು ಪಕ್ಕಕ್ಕೆ ಇಳಿಬಿಟ್ಟು ಗಾಳಿಯಾಡಲು ಇನ್ನೊಂದು ಪಕ್ಕ ತೆರೆದಿಡಿ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಒಳಗಿಟ್ಟರೆ ಅದಕ್ಕೆ ಒರಗಿ ಮಲಗುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕಿವಿಗಳನ್ನು ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತ ವೈದ್ಯರಲ್ಲಿಗೆ ಹೊರಡಿ. ಕೊಡದಲ್ಲಿ ಮುಳುಗಿಸುವುದು, ಸ್ನಾನ ಮಾಡಿಸುವುದು ಎಂದಿಗೂ ಕೂಡದು.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. “ತಾನು ಹಿಡಿದ ಮೊಲಕ್ಕೆ ಮೂರೇ ಕಾಲು” ಎಂಬ ಗಾದೆ ಕೇಳಿದ್ದೀರಲ್ಲ, ಹಟಮಾರಿಗಳಿಗೆ ಹೇಳುವ ಗಾದೆ. ನೀವು ಹಿಡಿಯುವಾಗ ನಾಲ್ಕು ಕಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಿವಿ ಹಿಡಿದು ಎಂದೂ ಎತ್ತಬಾರದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಗಾಲುಗಳ ಕೆಳಗೆ ಕೊಟ್ಟು ನಿಮ್ಮ ಎದೆಗೆ ಒತ್ತಿ ಹಿಡಿಯಬೇಕು. ಅದರ ಬೆನ್ನೆಲುಬು ಹಗುರ, ಹಿಂಗಾಲು ಬಲ. ಹೆದರಿ ಗಾಳಿಯಲ್ಲಿ ಒದ್ದರೆ ಅದರ ಬೆನ್ನು ಅದೇ ಮುರಿದುಕೊಳ್ಳುತ್ತದೆ. ಚಿಕ್ಕವರು ಎತ್ತುವುದೇ ಬೇಡ. ನೆಲದ ಮೇಲೆ ಸುಮ್ಮನೆ ಕುಳಿತು, ಕೈಯಲ್ಲಿ ಎರಡು ಎಳೆ ಗರಿಕೆ ಹಿಡಿದಿರಿ. ಮೊದಲ ದಿನ ಬರುವುದಿಲ್ಲ, ಎರಡನೆಯ ದಿನವೂ ಬಾರದೆ ಇರಬಹುದು. ಒಂದು ದಿನ ತಾನಾಗಿ ಬಂದು, ಮೂಗು ಅಲುಗಿಸುತ್ತ, ನಿಮ್ಮ ಕೈಯಿಂದಲೇ ತಿನ್ನುತ್ತದೆ. ಹಿಡಿದು ತಂದ ಮುದ್ದು ಬೇರೆ, ತಾನಾಗಿ ಬಂದ ನಂಬಿಕೆ ಬೇರೆ. ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮರೆಯಬೇಡಿ.

ಬಾಂಧವರೇ, ಇಷ್ಟನ್ನೆಲ್ಲ ಕೇಳಿ “ಅಯ್ಯೋ, ಇಷ್ಟು ಕಷ್ಟವೇ?” ಎಂದುಕೊಳ್ಳಬೇಡಿ. ಹಸು ಸಾಕಿದ ಕೈಗೆ ಇದು ಹೂವು ಎತ್ತಿದ ಹಾಗೆ. ಗೂಡನ್ನು ಮೊದಲು ಸಿದ್ಧ ಮಾಡಿ, ಹುಲ್ಲಿನ ದಾರಿ ಮೊದಲು ನೋಡಿ, ವೈದ್ಯರು ಯಾರೆಂದು ಮೊದಲು ತಿಳಿಯಿರಿ. ಮೊಲವನ್ನು ಆಮೇಲೆ ತನ್ನಿ. ತಂದ ಮೇಲೆ ಬೆಳಿಗ್ಗೆ ಒಂದು ಸಲ, ಮಲಗುವ ಮುನ್ನ ಒಂದು ಸಲ, ಮುಂದೆ ಹುಲ್ಲು ಇದೆಯೇ, ಹಿಂದೆ ಹಿಕ್ಕೆ ಇದೆಯೇ ಎಂದು ನೋಡುವ ಕೆಲಸವನ್ನು ಮಗುವಿಗೇ ಒಪ್ಪಿಸಿ, ನೀವು ಅದರ ಹಿಂದೆ ನಿಂತು ಗಮನಿಸಿ. ಬಾಯಿಲ್ಲದ ಜೀವದ ಕಷ್ಟವನ್ನು ಕೇಳದೆಯೇ ತಿಳಿಯುವುದನ್ನು ಆ ಮಗು ಕಲಿತರೆ, ನಾಳೆ ಅದು ದನ ಕಟ್ಟಲಿ, ಪೈರು ಬೆಳೆಯಲಿ, ಪಟ್ಟಣದಲ್ಲಿ ಕೆಲಸಕ್ಕೇ ಹೋಗಲಿ, ಆ ಕಲಿಕೆ ಎಲ್ಲೂ ವ್ಯರ್ಥವಾಗದು.